ಮಣ್ಣಿನ ಹಾಳೆಗಳೂ ಲೆಕ್ಕದ ಯಂತ್ರವೂ

ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಸಾಮ್ಯವನ್ನೂ ಮಳಲಿನ ಮೇಲೆ ಕಟ್ಟಿ ಕೆಟ್ಟವನ ಸಾಮ್ಯವನ್ನೂ ಮಿಶನ್ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳಲ್ಲಿ ಕೇಳದವರು ಯಾರೂ ಇರಲಿಕ್ಕಿಲ್ಲ. ಆದರೆ ಧಾರವಾಡ, ಗದಗ, ವಿಜಯಪುರ ಸೀಮೆಗಳ ಎರೆನಾಡಿನಲ್ಲಿ ಮನೆ ಕಟ್ಟತಕ್ಕವನ ಪಾಡು ಈ ಎರಡಕ್ಕೂ ಸೇರಿದ್ದಲ್ಲ. ಅವನ ಕಾಲಡಿಯಲ್ಲಿ ಬಂಡೆಯೂ ಇಲ್ಲ, ಮಳಲೂ ಇಲ್ಲ. ಕರಿಯ ಎರೆಮಣ್ಣು ಇರುವದು. ಈ ಮಣ್ಣು ಬೇಸಗೆಯಲ್ಲಿ ಒಣಗಿ, ಕುಗ್ಗಿ, ಮೊಳಕೈ ಇಳಿಯುವಷ್ಟು ಆಳವಾಗಿ ಬಿರಿಯುವದು. ಮುಂಗಾರಿನ ಮಳೆ ಬಿದ್ದ ಮೇಲೆ ನೀರು ಕುಡಿದು ಉಬ್ಬಿ, ಮೇಲಿದ್ದ ನೆಲಗಟ್ಟನ್ನು ಎತ್ತುವದು. ಆಗ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವದು. ಕಿಟಕಿಯ ಮೂಲೆಯಿಂದ ಸೂರಿನ ವರೆಗೆ ಗೋಡೆಯು ಓರೆಯಾಗಿ ಸೀಳುವದು. ಇಪ್ಪತ್ತು ವರ್ಷ ದುಡಿದು ಕೂಡಿಸಿದ ಹಣದಿಂದ ಕಟ್ಟಿದ ಮನೆಯು ಎರಡೇ ಮಳೆಗಾಲಗಳಲ್ಲಿ ಬಿರುಕು ಬಿಡುವದನ್ನು ಕಂಡವರಿಗೆ, ಮಣ್ಣು ಯಾಕೆ ಉಬ್ಬುವದೆಂಬ ಪ್ರಶ್ನೆಯು ಕೇವಲ ಪಂಡಿತರ ವಿನೋದವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವವರಲ್ಲಿ ಈಗಿನ ಕಾಲದ ಕೆಲವರು ಮಣ್ಣನ್ನು ಕೈಯಿಂದ ಮುಟ್ಟುವದೇ ಇಲ್ಲ. ಅವರು ಕಂಪ್ಯೂಟರೆಂಬ ಗಣಕಯಂತ್ರದ ಮುಂದೆ ಕುಳಿತು, ಮಣ್ಣಿನ ಕಣವೊಂದರ ಪ್ರತಿರೂಪವನ್ನು ಅಂಕೆಗಳಿಂದ ಕಟ್ಟಿ, ಅದರ ಹತ್ತಿರ ನೀರು ಬಂದರೆ ಏನಾಗುವದು, ಉಪ್ಪು ಬಂದರೆ ಏನಾಗುವದು, ಇನ್ನಾವದಾದರೂ ರಾಸಾಯನಿಕ ಬಂದರೆ ಏನಾಗುವದು ಎಂದು ಲೆಕ್ಕಮಾಡಿ ನೋಡುವರು. ರಸಾಯನಶಾಸ್ತ್ರದಲ್ಲಿ ಉಚ್ಚ ಪದವಿ ಪಡೆದ ಮಗಳು ಇಂಥ ಕೆಲಸದಲ್ಲಿ ತೊಡಗಿದ್ದಾಳೆಂದು ತಿಳಿದಾಗ, “ಗಾಜಿನ ನಳಿಗೆಯಿಲ್ಲ, ತಕ್ಕಡಿಯಿಲ್ಲ, ದೀಪವಿಲ್ಲ, ಇದೆಂಥ ರಸಾಯನಶಾಸ್ತ್ರ? ಮಣ್ಣು ಮುಟ್ಟದವಳಿಗೆ ಮಣ್ಣಿನ ಗುಣ ಹೇಗೆ ತಿಳಿದೀತು?” ಎಂದು ಹಿರಿಯರು ಕೇಳುವದುಂಟು. ಈ ಸಂದೇಹವು ನ್ಯಾಯವಾದದ್ದೇ. ಆದಕಾರಣ ಅದಕ್ಕೆ ನಮ್ಮಿಂದಾದಷ್ಟು ಸರಳವಾಗಿ ಸಮಾಧಾನ ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತೇವೆ.

ಮೊದಲು ಜೇಡಿಮಣ್ಣು ಎಂದರೇನೆಂಬದನ್ನು ನೋಡೋಣ. ಮಳಲು ಹರಳು ಹರಳಾಗಿ ಇರುವದು. ಜೇಡಿಯಾದರೋ ಹಾಳೆ ಹಾಳೆಯಾಗಿ ಇರುವದು. ಈ ಹಾಳೆಗಳು ಎಷ್ಟು ತೆಳುವೆಂದರೆ, ಎರೆಮಣ್ಣಿನಲ್ಲಿ ಮುಖ್ಯವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಒಂದು ಹಾಳೆಯ ದಪ್ಪವು ಸುಮಾರು 1 ನ್ಯಾನೊಮೀಟರು, ಅಂದರೆ ಒಂದು ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು. ಫ್ರಾನ್ಸ್ ದೇಶದ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ಅದಕ್ಕೆ ಆ ಹೆಸರು ಬಂತು. ನಮ್ಮ ಅಡಿಗೆಮನೆಯ ಸಾದೃಶ್ಯದಿಂದ ಹೇಳುವದಾದರೆ ಒಂದೊಂದು ಹಾಳೆಯೂ ಒಂದು ಹೋಳಿಗೆಯ ಹಾಗಿರುವದು. ಮೇಲೆ ಕೆಳಗೆ ಕಣಕವಿದ್ದಂತೆ ಸಿಲಿಕಾನ್ ಮತ್ತು ಆಮ್ಲಜನಕಗಳ ಎರಡು ಪದರಗಳು. ನಡುವೆ ಹೂರಣವಿದ್ದಂತೆ ಅಲ್ಯುಮಿನಿಯಮ್ಮಿನ ಪದರವು. ಇಂಥ ಹೋಳಿಗೆಗಳನ್ನು ಒಂದರ ಮೇಲೊಂದರಂತೆ ಅಟ್ಟಿಯಾಗಿ ಪೇರಿಸಿದರೆ ಜೇಡಿಯ ಒಂದು ಕಣವಾಯಿತು. ಇದೇ ಜಾತಿಗೆ ಸೇರಿದ ಅಭ್ರಕದ ರಚನೆಯನ್ನು ಅಮೇರಿಕದ ಲೈನಸ್ ಪಾಲಿಂಗರು 1930ರಲ್ಲಿಯೂ, ಮಾಂಟ್‌ಮೊರಿಲೊನೈಟಿನ ರಚನೆಯನ್ನು ಜರ್ಮನಿಯ ಹಾಫ್‌ಮನ್, ಎಂಡೆಲ್, ವಿಲ್ಮ್ ಎಂಬವರು 1933ರಲ್ಲಿಯೂ ವಿವರಿಸಿದರು.

ಹಾಳೆಗಳು ಇಷ್ಟು ತೆಳುವಾಗಿರುವದರಿಂದ ಅವುಗಳ ಮೈಯ ವಿಸ್ತಾರವು ಬಲು ಹೆಚ್ಚು. ಒಂದೇ ಗ್ರಾಮ್ ಮಾಂಟ್‌ಮೊರಿಲೊನೈಟಿನ ಎಲ್ಲಾ ಹಾಳೆಗಳನ್ನು ಬಿಡಿಸಿ ಹಾಸಿದರೆ ಅವುಗಳ ಒಟ್ಟು ಮೇಲ್ಮೈಯು ಸುಮಾರು 750 ಚದರ ಮೀಟರು ಆಗುವದು. 30 ಅಡಿ 40 ಅಡಿಯ ನಿವೇಶನಗಳು ಆರಕ್ಕಿಂತ ಹೆಚ್ಚು ಅದರಲ್ಲಿ ಅಡಕವಾಗುವವು. ಒಂದು ಚಿಟಿಕೆ ಮಣ್ಣಿನಲ್ಲಿ ಇಷ್ಟೊಂದು ನೆಲ! ಇನ್ನು ಮುಂದೆ ಹೇಳತಕ್ಕ ಎಲ್ಲಾ ಸಂಗತಿಗಳು ಈ ಬಚ್ಚಿಟ್ಟ ನೆಲದ ಮೇಲೆಯೇ ನಡೆಯುವವು.

ಎರಡನೆಯ ವಿಶೇಷವೇನಂದರೆ ಈ ಹಾಳೆಗಳಲ್ಲಿ ಒಂದು ಊನವಿರುವದು. ಹೂರಣದ ಪದರದಲ್ಲಿ ಅಲ್ಯುಮಿನಿಯಮ್ ಇರತಕ್ಕ ಕೆಲವು ಸ್ಥಾನಗಳಲ್ಲಿ ಮೆಗ್ನೀಸಿಯಮ್ ಕುಳಿತಿರುವದು. ಅಲ್ಯುಮಿನಿಯಮ್ ಮೂರು ಪಾಲು ಧನವಿದ್ಯುತ್ತನ್ನು ಹೊತ್ತರೆ ಮೆಗ್ನೀಸಿಯಮ್ ಎರಡೇ ಪಾಲು ಹೊರುವದು. ಹೀಗೆ ಒಂದೊಂದು ಪಾಲು ಕಡಿಮೆಯಾದುದರಿಂದ ಇಡೀ ಹಾಳೆಯು ಋಣವಿದ್ಯುತ್ತುಳ್ಳದ್ದಾಗುವದು. ಆ ಕೊರತೆಯನ್ನು ತುಂಬುವದಕ್ಕೆ ಸೋಡಿಯಮ್, ಪೊಟ್ಯಾಸಿಯಮ್, ಕ್ಯಾಲ್ಸಿಯಮ್ ಮುಂತಾದ ಧನ ಅಯಾನುಗಳು ಹಾಳೆ ಹಾಳೆಗಳ ನಡುವೆ ಬಂದು ಸೇರಿರುವವು. ಅವು ಹಾಳೆಯ ಅಂಗಗಳಲ್ಲ. ಛತ್ರದಲ್ಲಿ ತಂಗಿದ ಪ್ರಯಾಣಿಕರಂತೆ ಇರುವವು. ಬೇರೆಯವರು ಬಂದರೆ ಎದ್ದು ಸ್ಥಳ ಕೊಡುವವು.

ಮಣ್ಣು ಉಬ್ಬುವ ಮರ್ಮವು ಈ ಪ್ರಯಾಣಿಕರಲ್ಲಿಯೇ ಇದೆ. ಸೋಡಿಯಮ್ ಅಯಾನು ನೀರನ್ನು ಬಹಳ ಪ್ರೀತಿಸುವದು. ಮಳೆಯ ನೀರು ಹತ್ತಿರ ಬಂದೊಡನೆ ಅದು ನೀರಿನ ಅಣುಗಳನ್ನು ತನ್ನ ಸುತ್ತಲೂ ಸೇರಿಸಿಕೊಳ್ಳುವದು. ನೀರು ಸೇರಿದಂತೆ ಹಾಳೆಗಳು ಒಂದರಿಂದೊಂದು ದೂರ ಸರಿಯಲೇ ಬೇಕು. ಒಣಗಿದಾಗ ಒಂದು ಹಾಳೆಯ ಬುಡದಿಂದ ಮುಂದಿನ ಹಾಳೆಯ ಬುಡಕ್ಕೆ ಸುಮಾರು 1 ನ್ಯಾನೊಮೀಟರು ಅಂತರವಿದ್ದರೆ, ಒಂದು ಸಾಲು ನೀರು ಸೇರಿದಾಗ ಅದು ಸುಮಾರು 1.25 ಆಗುವದು, ಎರಡು ಸಾಲು ಸೇರಿದರೆ ಸುಮಾರು 1.5 ಆಗುವದು. ಅಂದರೆ ಅಟ್ಟಿಯ ಎತ್ತರವು ಒಂದೂವರೆ ಪಟ್ಟು ಆಯಿತು. ಕೋಟಿಗಟ್ಟಲೆ ಹಾಳೆಗಳು ಹೀಗೆ ಒಂದೊಂದು ಎಳೆಯಷ್ಟು ಮೇಲೆದ್ದರೆ ನೆಲಗಟ್ಟು ಎದ್ದೀತು, ಗೋಡೆ ಸೀಳೀತು, ಇದರಲ್ಲಿ ಆಶ್ಚರ್ಯವೇನು?

ಹಾಗಾದರೆ ಉಬ್ಬುವದನ್ನು ತಡೆಯುವ ಉಪಾಯವೇನು? ನೀರಿಗಿಂತ ಮೊದಲು ಆ ಹಾಳೆಗಳ ಮೈಗೆ ಬೇರೊಂದು ವಸ್ತುವು ಹೋಗಿ ಅಂಟಿಕೊಳ್ಳುವಂತೆ ಮಾಡುವದೇ ಉಪಾಯ. ಹೀಗೆ ಮೇಲ್ಮೈಗೆ ಅಂಟುವದನ್ನು ಶಾಸ್ತ್ರಜ್ಞರು ಅಧಿಶೋಷಣೆ ಎನ್ನುವರು. ಇದಕ್ಕೂ ಸಾಧಾರಣ ಹೀರಿಕೆಗೂ ಭೇದವುಂಟು. ರೊಟ್ಟಿಯ ತುಂಡನ್ನು ಸಾರಿನಲ್ಲಿ ಅದ್ದಿದರೆ ಸಾರು ಒಳಗೆಲ್ಲಾ ಇಳಿಯುವದು, ಅದು ಹೀರಿಕೆ. ಅರಿಸಿನ ಕಲಸಿದ ಕೈಯನ್ನು ಎಷ್ಟು ತೊಳೆದರೂ ಬಣ್ಣವು ಚರ್ಮದ ಮೇಲೆ ಉಳಿಯುವದು. ಅಧಿಶೋಷಣೆಯು ಹೆಚ್ಚುಕಡಿಮೆ ಅದರ ಹಾಗೆ, ಮೈಯ ಮೇಲಿನ ಹಿಡಿತವಾಗಿರುವದು.

ಮೇಲ್ಮೈಯ ಈ ವಿದ್ಯೆಯ ಆರಂಭದಲ್ಲಿ ಒಬ್ಬ ಮಹಿಳೆಯ ಹೆಸರಿರುವದನ್ನು ನಮ್ಮ ವಾಚಕಿಯರು ತಿಳಿದಿರಬೇಕು. 1862ರಲ್ಲಿ ಹುಟ್ಟಿ ಜರ್ಮನಿಯ ಬ್ರಾನ್‌ಶ್ವೈಗ್ ಪಟ್ಟಣದಲ್ಲಿ ಬಾಳಿದ ಆಗ್ನೆಸ್ ಪೊಕೆಲ್ಸ್ ಎಂಬಾಕೆಗೆ ಶಾಸ್ತ್ರದಲ್ಲಿ ಅತ್ಯಾಸೆಯಿದ್ದರೂ, ಆ ಕಾಲದಲ್ಲಿ ಅಲ್ಲಿಯ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಕೆಯು ಮನೆಯಲ್ಲಿದ್ದು ರೋಗಿಗಳಾದ ತಾಯಿತಂದೆಗಳ ಸೇವೆಮಾಡುತ್ತಾ, ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡು ಹೇಗೆ ಹರಡುವದೆಂಬದನ್ನು ಗಮನಿಸಿ, ಒಂದು ತಗಡಿನ ತೊಟ್ಟಿಯನ್ನು ತಾನೇ ಏರ್ಪಡಿಸಿಕೊಂಡು, ನೀರಿನ ಮೈಯ ಬಿಗಿತವನ್ನು ಅಳೆದಳು. ಇಂಗ್ಲೆಂಡಿನ ಲಾರ್ಡ್ ರೇಲಿಯವರಿಗೆ ಆಕೆ ಬರೆದ ಪತ್ರವು ಅವರ ಶಿಫಾರಸಿನಿಂದ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಬಗೆಯ ತೊಟ್ಟಿಯನ್ನು ಸುಧಾರಿಸಿ ಬಳಸಿದ ಅಮೇರಿಕದ ಇರ್ವಿಂಗ್ ಲಾಂಗ್‌ಮ್ಯೂರರು, ಗಾಜು, ಅಭ್ರಕ, ಪ್ಲಾಟಿನಮ್‌ಗಳ ಮೇಲೆ ಅನಿಲಗಳು ಹೇಗೆ ಒಂದೇ ಸಾಲಾಗಿ ಅಂಟುವವೆಂಬದನ್ನು 1918ರಲ್ಲಿ ಲೆಕ್ಕಸಹಿತವಾಗಿ ತೋರಿಸಿ, 1932ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಅದೇ 1932ರಲ್ಲಿ ಬ್ರಾನ್‌ಶ್ವೈಗಿನ ತಾಂತ್ರಿಕ ವಿದ್ಯಾಲಯವು ಎಪ್ಪತ್ತನ್ನು ಮುಟ್ಟಿದ ಆಗ್ನೆಸಳಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಪಾತ್ರೆ ತೊಳೆಯುವ ನೀರಿನಲ್ಲಿ ಮೊದಲಾದ ವಿದ್ಯೆಯಿದು.

ಇನ್ನು ನಮ್ಮ ವಿಷಯಕ್ಕೆ ಬರೋಣ. ಮಣ್ಣು ಉಬ್ಬದಂತೆ ತಡೆಯುವ ರಾಸಾಯನಿಕಗಳ ವಿಚಾರವನ್ನು ಅತಿ ಹೆಚ್ಚಾಗಿ ನಡಿಸಿದವರು ಮನೆ ಕಟ್ಟುವವರಲ್ಲ, ಎಣ್ಣೆಬಾವಿ ಕೊರೆಯುವವರು. ಭೂಮಿಯೊಳಗಿನ ಖನಿಜತೈಲಕ್ಕಾಗಿ ಸಾವಿರಾರು ಮೀಟರು ಆಳಕ್ಕೆ ಕೊರೆಯುವಾಗ ದಾರಿಯಲ್ಲಿ ಶೇಲ್ ಎಂಬ ಜೇಡಿಯ ಪದರಗಲ್ಲು ಬಹಳವಾಗಿ ಸಿಕ್ಕುವದು. ಕೊರೆಯುವ ಮೊನೆಯನ್ನು ತಂಪಾಗಿಡುವದಕ್ಕೂ ಪುಡಿಯನ್ನು ಮೇಲಕ್ಕೆ ತರುವದಕ್ಕೂ ಅವರು ಕೆಸರುನೀರನ್ನು ಎಡೆಬಿಡದೆ ಒಳಗೆ ಹಾಯಿಸುವರು. ಆ ನೀರನ್ನು ಕುಡಿದು ಬಾವಿಯ ಗೋಡೆಯ ಜೇಡಿಯು ಉಬ್ಬಿದರೆ, ಕುಸಿದು ಬಿದ್ದು ಕೊರೆಯುವ ಕೊಳವೆಯನ್ನೇ ಕಚ್ಚಿ ಹಿಡಿಯುವದು. ಕೆಲವು ಸಾರಿ ಅಷ್ಟು ಆಳದ ಬಾವಿಯನ್ನೇ ಕೈಬಿಡಬೇಕಾಗುವದು. ಆ ನೀರಿಗೆ ಪೊಟ್ಯಾಸಿಯಮ್ ಕ್ಲೋರೈಡ್ ಎಂಬ ಉಪ್ಪನ್ನು ಕೂಡಿಸಿದರೆ ಉಬ್ಬುವದು ಕಡಿಮೆಯಾಗುವದೆಂದು ಅವರು ಅನುಭವದಿಂದ ಕಂಡುಕೊಂಡಿದ್ದರು. ಆದರೆ ಸೋಡಿಯಮ್ಮಿನಿಂದ ಆಗದ್ದು ಅದರ ಒಡಹುಟ್ಟಿನಂತಿರುವ ಪೊಟ್ಯಾಸಿಯಮ್ಮಿನಿಂದ ಆಗುವದು ಹೇಗೆ? ಕ್ಷ-ಕಿರಣಗಳಿಂದ ನೋಡಿದರೆ ಹಾಳೆಗಳ ನಡುವಣ ಅಂತರವು ತಿಳಿಯುವದೇ ಹೊರತು, ಆ ಇಕ್ಕಟ್ಟಿನೊಳಗೆ ಒಂದೊಂದು ಅಯಾನೂ ಒಂದೊಂದು ನೀರಿನ ಅಣುವೂ ಎಲ್ಲೆಲ್ಲಿ ಕುಳಿತಿವೆ, ಹೇಗೆ ಚಲಿಸುವವು ಎಂಬದು ಚೆನ್ನಾಗಿ ತಿಳಿಯದು. ಕಣ್ಣು ಹೋಗದ ಆ ಸ್ಥಳಕ್ಕೆ ಲೆಕ್ಕವನ್ನು ಕಳುಹಿಸಬೇಕಾಯಿತು.

ಈ ಲೆಕ್ಕ ಮಾಡುವ ಕ್ರಮ ಹೇಗೆಂದರೆ: ಹಾಳೆಯ ತುಂಡೊಂದರಲ್ಲಿ ಯಾವ ಯಾವ ಪರಮಾಣು ಎಲ್ಲೆಲ್ಲಿ ಇದೆಯೆಂಬದನ್ನು ಯಂತ್ರಕ್ಕೆ ಅಂಕೆಗಳಿಂದ ತಿಳಿಸುವರು. ಅಂಥ ಎರಡು ಹಾಳೆಗಳ ನಡುವೆ ಬೇಕಾದಷ್ಟು ನೀರಿನ ಅಣುಗಳನ್ನೂ ಅಯಾನುಗಳನ್ನೂ ಪರೀಕ್ಷಿಸಬೇಕಾದ ರಾಸಾಯನಿಕದ ಅಣುಗಳನ್ನೂ ಇರಿಸುವರು. ಆ ಮೇಲೆ ಅವುಗಳು ಒಂದನ್ನೊಂದು ಸೆಳೆಯುವ ಮತ್ತು ತಳ್ಳುವ ನಿಯಮಗಳನ್ನು ಕೊಡುವರು. ವಿದ್ಯುತ್ತುಳ್ಳ ಕಣಗಳ ಸೆಳೆತಕ್ಕೆ 18ನೆಯ ಶತಮಾನದಲ್ಲಿ ಕೂಲಂಬನು ಕಂಡುಹಿಡಿದ ನಿಯಮವು. ಬಹಳ ಹತ್ತಿರ ಬಂದಾಗ ತಳ್ಳಿ, ತುಸು ದೂರದಲ್ಲಿ ಮೆಲ್ಲಗೆ ಸೆಳೆಯುವ ಗುಣಕ್ಕೆ ಲೆನರ್ಡ್-ಜೋನ್ಸರ ಸೂತ್ರವು. ಹೀಗೆ ಕಟ್ಟಿದ ಪುಟ್ಟ ಪೆಟ್ಟಿಗೆಗೆ ಗೋಡೆಗಳಿರುವದಿಲ್ಲ. ಬಲಗಡೆಯಿಂದ ಹೊರಟ ಅಣುವು ಎಡಗಡೆಯಿಂದ ಒಳಗೆ ಬರುವಂತೆ ಏರ್ಪಡಿಸುವದರಿಂದ, ಪೆಟ್ಟಿಗೆಯು ಚಿಕ್ಕದಾದರೂ ಕೊನೆಯಿಲ್ಲದ ಮಣ್ಣಿನ ನಡುವೆ ಇದ್ದಂತೆಯೇ ಆಗುವದು. ರಂಗೋಲಿಯ ಒಂದು ಎಳೆಯನ್ನು ಬರೆದವಳು ಅದನ್ನೇ ಪುನಃ ಪುನಃ ಬರೆದು ಅಂಗಳವನ್ನೆಲ್ಲಾ ತುಂಬಿಸುವಂತೆ ಇದು.

ಇನ್ನು ಈ ಅಣುಗಳನ್ನು ನಡಿಸುವದಕ್ಕೆ ಎರಡು ಮಾರ್ಗಗಳುಂಟು. ಮೊದಲನೆಯದು ಕವಡೆಯಾಟದಂಥದ್ದು. ಒಂದು ಅಣುವನ್ನು ಅಡ್ಡಾದಿಡ್ಡಿ ತುಸು ಸರಿಸಿ ನೋಡುವದು. ಶಕ್ತಿಯ ವೆಚ್ಚ ಕಡಿಮೆಯಾದರೆ ಅದನ್ನು ಅಲ್ಲಿಯೇ ಬಿಡುವದು. ಹೆಚ್ಚಾದರೆ ಕವಡೆ ಎಸೆದಂತೆ ಒಂದು ಅಂಕೆಯನ್ನು ತೆಗೆದು, ಅದು ಒಪ್ಪಿದರೆ ಬಿಡುವದು, ಇಲ್ಲವಾದರೆ ಹಿಂದಕ್ಕೆ ತರುವದು. ಸೇರಿನಲ್ಲಿ ಜೋಳ ಅಳೆಯುವವಳು ಅದನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಾಳುಗಳನ್ನು ನೆಲೆಗೊಳಿಸುವಂತೆ, ಲಕ್ಷಗಟ್ಟಲೆ ಸಾರಿ ಹೀಗೆ ಮಾಡಿದರೆ ಅಣುಗಳು ತಮಗೆ ಸಹಜವಾದ ಸ್ಥಿತಿಗೆ ಬರುವವು. ಜೂಜಿಗೆ ಪ್ರಸಿದ್ಧವಾದ ಪಟ್ಟಣದ ಹೆಸರಿನಿಂದ ಇದನ್ನು ಮಾಂಟೆ ಕಾರ್ಲೊ ಮಾರ್ಗವೆನ್ನುವರು. 1953ರಲ್ಲಿ ಅಮೇರಿಕದ ಲಾಸ್ ಅಲಮೋಸಿನಲ್ಲಿ ಐವರು ಕೂಡಿ ಇದನ್ನು ಪ್ರಕಟಿಸಿದರು. ಮೊದಲ ಲೆಕ್ಕದಲ್ಲಿ 224 ಕಣಗಳು ಮಾತ್ರ ಇದ್ದವು. ಆ ಲೆಕ್ಕವನ್ನು ಮೇನಿಯಾಕ್ ಎಂಬ ಯಂತ್ರಕ್ಕೆ ತಿಳಿಯುವಂತೆ ಬರೆದುಕೊಟ್ಟವಳು ಅರಿಯಾನಾ ರೋಸೆನ್‌ಬ್ಲೂತ್ ಎಂಬ ಯುವತಿ. ಹಾರ್ವರ್ಡಿನಲ್ಲಿ ಭೌತಶಾಸ್ತ್ರದ ಡಾಕ್ಟರ್ ಪದವಿ ಪಡೆದಾಗ ಆಕೆಗೆ 21 ವರ್ಷ. ಆದರೆ ಆ ಮಾರ್ಗವು ಲೋಕದಲ್ಲಿ ಪ್ರಸಿದ್ಧವಾದದ್ದು ಲೇಖನದಲ್ಲಿ ಮೊದಲು ಅಚ್ಚಾದ ಮೆಟ್ರೊಪೊಲಿಸರ ಹೆಸರಿನಿಂದ ಮಾತ್ರವೇ. ದುಡಿದ ಕೈಯನ್ನು ಮರೆಯುವದು ಮನೆಯಲ್ಲಿ ಮಾತ್ರವಲ್ಲ, ವಿದ್ಯಾಲೋಕದಲ್ಲಿಯೂ ಉಂಟು.

ಎರಡನೆಯ ಮಾರ್ಗದಲ್ಲಿ ಕವಡೆಯಿಲ್ಲ. ಪ್ರತಿಯೊಂದು ಪರಮಾಣುವಿನ ಮೇಲೆ ಬೀಳುವ ಸೆಳೆತವನ್ನು ಲೆಕ್ಕಮಾಡಿ, ನ್ಯೂಟನ್ನನ ಚಲನೆಯ ನಿಯಮದಂತೆ ಅದು ಮುಂದಿನ ಕ್ಷಣದಲ್ಲಿ ಎಲ್ಲಿರುವದೆಂದು ಕಂಡುಹಿಡಿಯುವರು. ತಿರಿಗಿ ಸೆಳೆತದ ಲೆಕ್ಕ, ತಿರಿಗಿ ಒಂದು ಹೆಜ್ಜೆ. ನೀರಿನಂಥ ದ್ರವಗಳಿಗೆ ಈ ವಿದ್ಯೆಯನ್ನು ಬೆಳಿಸಿದವರಲ್ಲಿ ಅಗ್ರಗಣ್ಯರು ನಮ್ಮ ದೇಶದ ಹೈದರಾಬಾದಿನಲ್ಲಿ 1927ರಲ್ಲಿ ಹುಟ್ಟಿದ ಅನೀಸುರ್ ರಹಮಾನರು. ಅವರು ಅಮೇರಿಕದ ಆರ್ಗಾನ್ ಪ್ರಯೋಗಾಲಯದಲ್ಲಿದ್ದು 1964ರಲ್ಲಿ 864 ಪರಮಾಣುಗಳ ದ್ರವವೊಂದನ್ನು ಹೀಗೆ ನಡಿಸಿ ತೋರಿಸಿದರು. ಈ ಮಾರ್ಗದಲ್ಲಿ ಒಂದು ಹೆಜ್ಜೆಯ ಕಾಲವು ಸುಮಾರು 1 ಫೆಮ್ಟೊಸೆಕೆಂಡು. ಒಂದು ಸೆಕೆಂಡಿನ 100 ಕೋಟಿಯಲ್ಲಿ ಒಂದು ಪಾಲನ್ನು ನೋಡಬೇಕಾದರೂ 10 ಲಕ್ಷ ಹೆಜ್ಜೆಗಳು ಬೇಕು. ಇದನ್ನು ಮನುಷ್ಯನು ಕೈಯಿಂದ ಮಾಡಲಾರನು. ಆದದರಿಂದಲೇ ಯಂತ್ರವು ಬೇಕಾದದ್ದು.

ಈ ಎರಡು ಮಾರ್ಗಗಳಿಂದ ಪೊಟ್ಯಾಸಿಯಮ್ಮಿನ ಗುಟ್ಟು ಹೊರಬಿತ್ತು. ನೀಲ್ ಸ್ಕಿಪ್ಪರರೂ ಅವರ ಸಂಗಡಿಗರೂ 1991ರಲ್ಲಿ ಜೇಡಿಯ ಹಾಳೆಗಳ ನಡುವಣ ನೀರನ್ನು ಲೆಕ್ಕದಿಂದ ಚಿತ್ರಿಸಿದರು. 1995ರಲ್ಲಿ ಬೂಕ್, ಕವೆನಿ, ಸ್ಕಿಪ್ಪರ್ ಎಂಬ ಮೂವರು ಲಿಥಿಯಮ್, ಸೋಡಿಯಮ್, ಪೊಟ್ಯಾಸಿಯಮ್ ಈ ಮೂರು ಅಯಾನುಗಳನ್ನು ಮಾಂಟೆ ಕಾರ್ಲೊ ಮಾರ್ಗದಿಂದ ಹೋಲಿಸಿ ನೋಡಿದರು. ನೀರು ಹೆಚ್ಚಿದಂತೆ ಲಿಥಿಯಮ್ಮೂ ಸೋಡಿಯಮ್ಮೂ ಹಾಳೆಯ ಮೈಯನ್ನು ಬಿಟ್ಟು, ಸುತ್ತಲೂ ನೀರನ್ನು ಹೊದ್ದುಕೊಂಡು ನಡುವೆ ನಿಂತವು. ಪೊಟ್ಯಾಸಿಯಮ್ ಹಾಗೆ ಮಾಡದೆ ಹಾಳೆಯ ಮೈಗೆ ಹೋಗಿ ಅಂಟಿಕೊಂಡಿತು. ಕಾರಣವೇನಂದರೆ, ಪೊಟ್ಯಾಸಿಯಮ್ ಗಾತ್ರದಲ್ಲಿ ದೊಡ್ಡದಾದ ಕಾರಣ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿಯಲಾರದು. ಹಾಳೆಯ ಆಮ್ಲಜನಕಗಳ ನಡುವೆ ಆರು ಮೂಲೆಯ ಕುಳಿಗಳಿದ್ದು ಅವು ಅದಕ್ಕೆ ತಕ್ಕ ಪೀಠಗಳಾಗಿರುವವು. ಅಂಗಿಗೆ ಗುಂಡಿ ಹಾಕಿದಂತೆ ಅದು ಅಲ್ಲಿ ಕುಳಿತು ಎರಡು ಹಾಳೆಗಳ ಋಣವಿದ್ಯುತ್ತನ್ನು ಮರೆಮಾಡುವದರಿಂದ, ಅವು ಒಂದನ್ನೊಂದು ದೂರ ತಳ್ಳುವದು ಕಡಿಮೆಯಾಗುವದು. ಬಾವಿ ಕೊರೆಯುವವರ ಅನುಭವದ ಮಾತಿಗೆ ಹೀಗೆ ಕಾರಣವು ದೊರೆಯಿತು.

ಕಾರಣ ಸಿಕ್ಕಿದ ಮೇಲೆ ಹೊಸ ಮದ್ದನ್ನು ಹುಡುಕುವದಕ್ಕೆ ದಾರಿಯಾಗುವದು. ಪೊಟ್ಯಾಸಿಯಮ್ ಉಪ್ಪು ಹೆಚ್ಚಾದರೆ ಹೊರಗೆ ಚೆಲ್ಲುವ ನೀರಿನಿಂದ ಮಣ್ಣಿಗೂ ಜಲಚರಗಳಿಗೂ ಬಾಧೆಯುಂಟು. ಆದಕಾರಣ ಪಾಲಿಎಥಿಲೀನ್ ಗ್ಲೈಕೋಲ್ ಮೊದಲಾದ ಉದ್ದ ಸರಪಣಿಯಂಥ ಅಣುಗಳನ್ನೂ ಅಮೀನ್ ಎಂಬ ಜಾತಿಯ ಅಣುಗಳನ್ನೂ ಕೂಡಿಸಿ ನೋಡಿದರು. ಇವು ಅಂಟುವ ಬಗೆ ಬೇರೆ. ಸರಪಣಿಯಂಥ ಒಂದು ಅಣುವು ಹಾಳೆಗಳ ನಡುವೆ ಮಲಗಿದರೆ ಅಲ್ಲಿದ್ದ ಅನೇಕ ನೀರಿನ ಅಣುಗಳು ಹೊರಬೀಳುವವು. ಒಂದು ಒಳಗೆ ಕಟ್ಟುಬಿದ್ದರೂ ಹಲವು ಬಿಡುಗಡೆಯಾಗಿ ಸ್ವೇಚ್ಛೆಯಿಂದ ಅಲೆಯುವದರಿಂದ, ಒಟ್ಟಿನಲ್ಲಿ ಪ್ರಕೃತಿಯು ಒಪ್ಪುವ ಕಡೆಗೇ ತಕ್ಕಡಿಯು ವಾಲುವದು. ಸರಪಣಿ ಎಷ್ಟು ಉದ್ದವಿದ್ದರೆ ಒಳ್ಳೇದು, ಅದರ ತುದಿಯಲ್ಲಿ ಯಾವ ಗುಂಪು ಇರಬೇಕು, ಅದು ಹಾಳೆಯ ಮೇಲೆ ಚಪ್ಪಟೆಯಾಗಿ ಮಲಗುವದೋ ನಿಲ್ಲುವದೋ ಎಂಬವುಗಳನ್ನು ಹತ್ತಾರು ಅಣುಗಳಿಗೆ ಮೊದಲೇ ಲೆಕ್ಕದಿಂದ ಪರೀಕ್ಷಿಸಿ, ಆಶೆ ತೋರಿಸಿದ ಎರಡು ಮೂರನ್ನು ಮಾತ್ರ ಪ್ರಯೋಗಶಾಲೆಯಲ್ಲಿ ತಯಾರಿಸಿದರೆ ಹಣವೂ ಕಾಲವೂ ಉಳಿಯುವವು. 2004ರಲ್ಲಿ ಸಿಗನ್, ಲಿಯಾಂಗ್, ಕಲಿನಿಚೆವ್ ಎಂಬವರು ಜೇಡಿಗಾಗಿಯೇ ಕ್ಲೇ-ಎಫ್-ಎಫ್ ಎಂಬ ಸೆಳೆತದ ನಿಯಮಾವಳಿಯನ್ನು ಏರ್ಪಡಿಸಿದ ಮೇಲೆ ಈ ಕೆಲಸವು ಲೋಕದ ನಾನಾ ಕಡೆಗಳಲ್ಲಿ ಹಬ್ಬಿತು. ನೂರಾರು ಅಣುಗಳಿಂದ ಮೊದಲಾದ ಲೆಕ್ಕವು 2007ರ ಹೊತ್ತಿಗೆ ಸುಮಾರು ಒಂದು ಕೋಟಿ ಪರಮಾಣುಗಳಿಗೆ ಮುಟ್ಟಿತು. ಆಗ ಜೇಡಿಯ ಹಾಳೆಯು ಹಲಗೆಯಂತೆ ಸೆಟೆದಿರದೆ ಗಾಳಿಗೆ ಸಿಕ್ಕ ಸೀರೆಯ ಹಾಗೆ ಅಲೆಯಲೆಯಾಗಿ ಆಡುವದೆಂಬದೂ ಕಂಡುಬಂತು.

ಎಣ್ಣೆಬಾವಿಯ ಮಾತು ನಮಗೆ ದೂರವೆಂದು ವಾಚಕರು ತಿಳಿಯಬಾರದು. ಎರೆಮಣ್ಣಿನ ನೆಲಕ್ಕೆ ಸುಣ್ಣ ಬೆರಸಿ ಗಟ್ಟಿಮಾಡುವ ಪದ್ಧತಿಯಲ್ಲಿ ನಡೆಯುವದೂ ಇದೇ. ಸುಣ್ಣದ ಕ್ಯಾಲ್ಸಿಯಮ್ ಒಳಗಿನ ಸೋಡಿಯಮ್ಮನ್ನು ಎಬ್ಬಿಸಿ ತಾನು ಕುಳಿತುಕೊಳ್ಳುವದು. ಬರಬರುತ್ತಾ ಸುಣ್ಣವು ಮಣ್ಣಿನ ಸಿಲಿಕದೊಂದಿಗೆ ಕೂಡಿ ಸಿಮೆಂಟಿನಂಥ ಬೆಸುಗೆಯಾಗುವದು. ಮುಂಬಯಿಯ ಐ. ಐ. ಟಿ. ಯಲ್ಲಿದ್ದ ಪ್ರೊಫೆಸರ್ ಆರ್. ಕೆ. ಕಟ್ಟಿಯವರು, ಎರೆಯ ಮೇಲೆ ಉಬ್ಬದ ಜಾತಿಯ ಮಣ್ಣನ್ನು ತಕ್ಕಷ್ಟು ದಪ್ಪವಾಗಿ ಹಾಸಿದರೆ ಕೆಳಗಿನ ಎರೆಯು ಉಬ್ಬುವದು ಅಡಗುವದೆಂದು ಪ್ರಯೋಗಗಳಿಂದ ತೋರಿಸಿದ್ದರು. ಕಾಂಕ್ರೀಟನ್ನು ತೆಳುವಾಗಿ ಹರಿಯುವಂತೆ ಮಾಡುವುದಕ್ಕೆ ಈಗ ಕೂಡಿಸುವ ಒಂದು ಬಗೆಯ ರಾಸಾಯನಿಕವು, ಮಳಲಿನಲ್ಲಿ ಇಂಥ ಜೇಡಿ ಸ್ವಲ್ಪವಿದ್ದರೂ ಅದರ ಹಾಳೆಗಳೊಳಗೆ ಸಿಕ್ಕಿಕೊಂಡು ನಿಷ್ಫಲವಾಗುವದು. ಮಳಲು ತೊಳೆದು ಬಳಸಬೇಕೆಂಬ ಹಿರಿಯ ಮೇಸ್ತ್ರಿಗಳ ಮಾತಿಗೆ ಹೀಗೆ ಇನ್ನೊಂದು ಆಧಾರವಾಯಿತು.

ಹೊಲದ ವಿಷಯದಲ್ಲಿಯೂ ಇದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಕಳೆ ಸುಡುವ ಪ್ಯಾರಾಕ್ವಾಟ್ ಎಂಬ ಘೋರ ವಿಷದ ಅಣುವು ಚಪ್ಪಟೆಯಾಗಿಯೂ ಎರಡು ಪಾಲು ಧನವಿದ್ಯುತ್ತುಳ್ಳದ್ದಾಗಿಯೂ ಇರುವದರಿಂದ ಜೇಡಿಯ ಹಾಳೆಗೆ ಅತಿ ಬಿಗಿಯಾಗಿ ಅಂಟುವದು. ಅದು ಹೊಟ್ಟೆಗೆ ಹೋದವರಿಗೆ, ರಕ್ತಕ್ಕೆ ಸೇರುವ ಮೊದಲೇ ಹಿಡಿದಿಡಲೆಂದು, ವೈದ್ಯರು ಜೇಡಿಯ ನೀರನ್ನು ಕುಡಿಸುವದುಂಟು. ಪ್ರಾಣ ಉಳಿದೇ ಉಳಿಯುವದೆಂಬ ಭರವಸೆಯನ್ನು ಅದು ಕೊಡದು. ಆದರೂ ಅಂಟುವಿಕೆಯ ವಿದ್ಯೆಯು ಒಂದು ಮನೆಯ ದೀಪಕ್ಕೆ ಎಷ್ಟು ಹತ್ತಿರದ್ದೆಂಬದನ್ನು ತೋರಿಸುವದು.

ಇಷ್ಟೆಲ್ಲಾ ಹೇಳಿದ ಮೇಲೆ, ಯಂತ್ರದ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ಹಿರಿಯರ ಮೊದಲನೆಯ ಪ್ರಶ್ನೆಗೆ ನಾವು ಉತ್ತರ ಕೊಡಲೇ ಬೇಕು. ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ. ಕೊಟ್ಟ ನಿಯಮಗಳು ತಪ್ಪಾಗಿದ್ದರೆ ಅದು ತಪ್ಪನ್ನೇ ಹತ್ತು ಅಂಕೆಗಳ ಸೂಕ್ಷ್ಮತೆಯಿಂದ ಹೇಳೀತು. ನೀರಿನ ಅಣುವಿನ ಪ್ರತಿರೂಪವನ್ನು ಬದಲಿಸಿದರೆ ಉತ್ತರವೂ ತುಸು ಬದಲಾಗುವದು. ಅದು ಕಾಣುವ ಮಣ್ಣು ಶುದ್ಧವಾದ ಮಣ್ಣು. ಹೊಲದ ಮಣ್ಣಿನಲ್ಲಿಯೋ ಬೇರು, ಗೊಬ್ಬರ, ಕಬ್ಬಿಣದ ತುಕ್ಕು, ಹುಳಹುಪ್ಪಟೆ ಎಲ್ಲವೂ ಇವೆ. ಅದು ನೋಡುವ ಕಾಲವು ಸೆಕೆಂಡಿನ ಅತ್ಯಲ್ಪ ಪಾಲು; ಮನೆಯು ನಿಲ್ಲಬೇಕಾದದ್ದು ಮೂರು ತಲೆಮಾರು. ಆದದರಿಂದ ಪ್ರಾಮಾಣಿಕರಾದ ಶಾಸ್ತ್ರಜ್ಞರು ಮೊದಲು ಗೊತ್ತಿರುವ ಉತ್ತರವನ್ನೇ ಯಂತ್ರದಿಂದ ಕೇಳುವರು. ಒಂದು ಸಾಲು ನೀರು ಸೇರಿದಾಗ ಹಾಳೆಗಳ ಅಂತರವು ಸುಮಾರು 1.25 ನ್ಯಾನೊಮೀಟರು ಎಂದು ಕ್ಷ-ಕಿರಣಗಳು ಹೇಳಿವೆಯಷ್ಟೆ. ಲೆಕ್ಕವೂ ಅದನ್ನೇ ಹೇಳುವದೋ? ಹೇಳಿದರೆ ಮುಂದಿನ ಮಾತನ್ನು ಕೇಳಬಹುದು. ಹೇಳದಿದ್ದರೆ ನಿಯಮಗಳನ್ನು ತಿದ್ದಬೇಕು. ಕೊನೆಗೆ ಯಂತ್ರವು ಆರಿಸಿಕೊಟ್ಟ ರಾಸಾಯನಿಕವನ್ನು ನಿಜವಾದ ಮಣ್ಣಿಗೆ ಬೆರಸಿ, ನೆನೆಸಿ, ಒಣಗಿಸಿ, ಅಳೆದು ನೋಡಿದ ಹೊರತು ಯಾರೂ ಅದನ್ನು ಮನೆಯ ಅಡಿಪಾಯಕ್ಕೆ ಹಾಕತಕ್ಕದ್ದಲ್ಲ. ಲೆಕ್ಕವು ಕೈಗೆ ಬದಲಲ್ಲ. ಕೈ ಎಲ್ಲಿ ಅಗೆಯಬೇಕೆಂದು ತೋರಿಸುವ ಬೆರಳು ಮಾತ್ರ.

ಆದಕಾರಣ, ಪಾಲಕರೇ, ನಿಮ್ಮ ಮಗಳು ಯಂತ್ರದ ಮುಂದೆ ಕುಳಿತು ಮಣ್ಣಿನ ವಿದ್ಯೆ ಕಲಿಯುತ್ತಿದ್ದರೆ, ಅವಳು ಮಣ್ಣನ್ನು ಬಿಟ್ಟು ಹೋದಳೆಂದು ನೊಂದುಕೊಳ್ಳಬೇಡಿರಿ. ಕಣ್ಣಿಗೆ ಕಾಣದ ಅದರ ಒಳಮನೆಗೆ ಹೋಗಿದ್ದಾಳೆಂದು ತಿಳಿಯಿರಿ. ಆದರೆ ಅವಳು ಊರಿಗೆ ಬಂದಾಗ ಹೊಲದ ಬಿರುಕನ್ನೂ ಮನೆಯ ಬಿರುಕನ್ನೂ ತೋರಿಸಿ, “ನಿನ್ನ ಲೆಕ್ಕ ಇದಕ್ಕೆ ಏನು ಹೇಳುವದು?” ಎಂದು ಕೇಳುವದನ್ನೂ ಬಿಡಬೇಡಿರಿ. ಆ ಪ್ರಶ್ನೆಯಿಂದ ಅವಳ ಲೆಕ್ಕವು ಸರಿಯಾದೀತು. ಈ ಕರಾವಳಿಯ ಜೇಡಿಯ ಗುಣವನ್ನು ಅರಿತು ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ, ಅದರಿಂದ ಎಷ್ಟೋ ಮನೆಗಳಿಗೆ ಮಾಡು ದೊರಕಿತು. ಎರೆನಾಡಿನ ಮನೆಗಳಿಗೆ ಬಿರಿಯದ ಅಡಿಪಾಯವನ್ನು ಕಡಿಮೆ ವೆಚ್ಚದಲ್ಲಿ ಕೊಡುವ ಕೆಲಸವು ಇನ್ನೂ ಬಾಕಿಯಿದೆ. ಅದನ್ನು ಮಾಡತಕ್ಕವಳು ಈ ಸಂಚಿಕೆಯನ್ನು ಓದುವ ಯಾವಳೋ ತಾಯಿಯ ಮಡಿಲಲ್ಲಿ ಈಗ ಆಡುತ್ತಿರಬಹುದು. ಹಾಗಾದರೆ ನಮ್ಮ ಈ ಅಲ್ಪ ಪ್ರಯತ್ನವು ಸಾರ್ಥಕವಾಯಿತೆಂದು ಎಣಿಸುವೆವು.